ಸುಕ್ಕಿಲ್ಲದ ಕಂಬಳಿ

ಕುರಿ ಚೆನ್ನಾಗಿ ನಿದ್ದೆ ಮಾಡಿತೋ ಇಲ್ಲವೋ ಎಂಬುದನ್ನು ಅದು ಮಲಗಿದ್ದ ನೆಲ ನೋಡಿಯೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ದಾಳಿಂಬ ಎಂಬ ಊರಿನಲ್ಲಿ ನಮ್ಮದು ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆತನ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದರೂ ನಾನು ಕಲಿತದ್ದೆಲ್ಲ ಹಟ್ಟಿಯಲ್ಲೇ. ನೆಲ ಕೆದರಿಲ್ಲವೆಂದರೆ ಕುರಿ ನೆಮ್ಮದಿಯಾಗಿದೆ ಎಂದರ್ಥ. ಈ ವಿದ್ಯೆಯನ್ನು ಮೊಮ್ಮಗಳ ಮೇಲೂ ಪ್ರಯೋಗಿಸಿಬಿಟ್ಟೆ.

ಒಂಬತ್ತು ವರ್ಷದ ಭಾಗುವಿಗೆ ಕೀಲು ಬಾತುಕೊಳ್ಳುವ ಕಾಯಿಲೆ, ಎರಡು ವರ್ಷದಿಂದ. ಉದಗೀರದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಡಿ ವಿಟಮಿನ್ ತೀರಾ ಕಡಿಮೆ ಎಂದರು. ನನಗೆ ನಗು ಬಂತು. ತೊಗರಿಕಾಯಿ ಗಿಡದಲ್ಲೇ ಒಣಗಿ ಸಿಡಿಯುವ ಊರಲ್ಲಿ ಬಿಸಿಲಿಗೆ ಬರವೇ? ಆಮೇಲೆ ನೆನಪಾಯಿತು. ಗಾಳಿ ತಾಕಿದರೆ ಕೀಲು ಹಿಡಿಯುತ್ತದೆಂದು ಅವಳನ್ನು ಹೊದಿಸಿ ಒಳಗೇ ಕೂರಿಸಿದವರು ನಾವೇ.

ನಿದ್ದೆ ಹೇಗೆ ಎಂದೂ ಡಾಕ್ಟರಮ್ಮ ಕೇಳಿದರು. ವಿಟಮಿನ್ ಕಡಿಮೆಯಾಗಿ ನಿದ್ದೆ ಕೆಡುತ್ತದೋ, ನೋವೇ ನಿದ್ದೆಗೆಡಿಸಿ, ಮಗುವನ್ನು ಒಳಗೂ ಕೂರಿಸಿ, ವಿಟಮಿನ್ ಇಳಿಸುತ್ತದೋ? ನನ್ನೊಳಗಿನ ಮೇಷ್ಟ್ರು ಸುಮ್ಮನಿರದೆ ಕೇಳಿಯೇಬಿಟ್ಟ.

"ಖಾತ್ರಿಲೇ ಹೇಳ್ಲಿಕ್ಕ ನಮಗೂ ಆಗಲ್ಲರೀ ಕಾಕಾ. ನಿದ್ದಿದು ದಿನಾ ಬರದಿಡ್ರಿ," ಎಂದರು.

ಬರೆಯುವುದೆಂದರೆ ನನಗೆ ಹಬ್ಬ. ಹೊಸ ವಹಿ ತಂದು, ಗೆರೆ ಎಳೆದು, ಪ್ರತಿ ಬೆಳಿಗ್ಗೆ ಅವಳ ಕಂಬಳಿ ಪರೀಕ್ಷಿಸುತ್ತಿದ್ದೆ. ಹೊದಿಸಿದ್ದು ಹೊದಿಸಿದಂತೆಯೇ ಇರುತ್ತಿತ್ತು, ಒಂದು ಸುಕ್ಕಿಲ್ಲ. ‘ಉತ್ತಮ’ ಎಂದು ಬರೆಯುತ್ತಿದ್ದೆ. ತಿಂಗಳಿಡೀ ಉತ್ತಮ. ಡಾಕ್ಟರಮ್ಮ ವಹಿ ನೋಡಿ, ನನ್ನನ್ನು ಬಿಟ್ಟು ಹುಡುಗಿಯನ್ನು ಕೇಳಿದರು.

"ಹೊರಳಿದ್ರ ಮೊಣಕಾಲ ನೋಯ್ತಾವ್ರೀ. ಅದಕ್ಕ ಎಚ್ಚರಿದ್ರೂ ಸುಮ್ಮ ಬಿದ್ದಿರ್ತೀನಿ," ಎಂದಳು ಭಾಗು. "ಮುತ್ಯಾ ಉತ್ತಮ ಅಂತ ಬರದು ಖುಷಿ ಆಗ್ತಾನ."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ನೋವಿನ ಔಷಧಿ ಬದಲಾಯಿತು, ಮೊದಲೇ ಬರೆದುಕೊಟ್ಟಿದ್ದ ವಿಟಮಿನ್ ಮುಂದುವರಿಯಿತು. ಈಗ ಭಾಗು ಎಳೆಬಿಸಿಲಲ್ಲಿ ಅಂಗಳದಲ್ಲಿ ಕೂತು ನಿದ್ದೆ ಹೇಗಾಯಿತೆಂದು ತಾನೇ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಯಾವುದರಿಂದ ಯಾವುದು ಎಂಬ ನನ್ನ ಕುತೂಹಲ ಮಾತ್ರ ಇನ್ನೂ ತಣಿದಿಲ್ಲ.

ಮೊನ್ನೆ ಬೆಳಿಗ್ಗೆ ನನ್ನ ಹೆಂಡತಿ ಗೊಣಗಿದಳು, "ನೋಡ್ರಿ, ಕಂಬಳಿ ಒದ್ದು ಮೂಲ್ಯಾಗ ಹಾಕ್ಯಾಳ ಈಕಿ. ಮಡಚ್ಲೇನು?"

"ಇರ್ಲಿ ಬಿಡು," ಎಂದೆ.

ಭಾಗು ಅಡ್ಡಾದಿಡ್ಡಿಯಾಗಿ ಮಲಗಿದ್ದಳು. ವಹಿ ತೆರೆದೆ, ಆದರೆ ಅವಳು ಎದ್ದು ಹೇಳದೆ ನಾನು ಬರೆಯುವಂತಿಲ್ಲ. ಪೆನ್ನು ಹಿಡಿದು, ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವವರೆಗೂ ಕಾದು ಕೂತೆ. ಎಬ್ಬಿಸಲಿಲ್ಲ.