ಹೊನಗೊನೆಯಂಥ ಸೊಪ್ಪು

ಸೀರೆಯ ಮೇಲೆ ಗಂಡಸರ ಬಿಳಿ ಅಂಗಿ, ಅದರ ತೋಳು ಮೊಣಕೈವರೆಗೆ ಮಡಚಿದ್ದು. ಕಾಲಿಗೆ ಮೊಣಕಾಲೆತ್ತರದ ಕಪ್ಪು ಗಂಬೂಟು. ಭಾನುವಾರ ಬೆಳಗ್ಗೆ ಆಂಟಿ ಹೀಗೆ ಲಿಫ್ಟಿನಿಂದ ಹೊರಗೆ ಬಂದರೆ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ತಾನಾಗಿಯೇ ಎದ್ದು ನಿಲ್ಲುತ್ತಿದ್ದ. ಅಂಗಿ ತೀರಿಹೋದ ಅವರ ಯಜಮಾನರದು. ಜೇಬಿನ ಕೆಳಗೆ ಇಂಕಿನ ಕಲೆ ಹಾಗೇ ಉಳಿದಿತ್ತು. "ಎಷ್ಟು ಒಗೆದ್ರೂ ಹೋಗ್ಲಿಲ್ಲ ಕಣ್ರೀ, ಅವರ ಹಠದ ಥರಾನೇ" ಎನ್ನುತ್ತಿದ್ದರು.

ಅವರು ಇಡೀ ಅಪಾರ್ಟ್‌ಮೆಂಟಿಗೆ ಆಂಟಿ. ಗೊರಗುಂಟೆಪಾಳ್ಯದ ಕಡೆಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಮುಂದೆ ಬಂದ ಬಿಡಿಭಾಗವನ್ನು ಬೆಳಕಿಗೆ ಹಿಡಿದು ನೋಡಿ ಪಾಸ್ ಅಥವಾ ರಿಜೆಕ್ಟ್ ಎಂದು ಹೇಳುವುದು ಅವರ ಕೆಲಸ. ಕೆಲಸ ನಿಂತರೂ ಬಾಯಿ ನಿಲ್ಲಲಿಲ್ಲ. ತಳ್ಳುಗಾಡಿಯವನ ಬದನೆಕಾಯಿ ರಿಜೆಕ್ಟ್, ನಮ್ಮ ಮನೆಯ ಹೊಸ ಪರದೆ ರಿಜೆಕ್ಟ್, ನನ್ನ ಹೆಂಡತಿ ಮಾಡಿದ ಜೋಳದ ರೊಟ್ಟಿ ಮಾತ್ರ ಪಾಸ್. ನನ್ನನ್ನು ಯಾವುದರಲ್ಲಿ ಸೇರಿಸಿದ್ದರೋ ಕೊನೆಗೂ ಗೊತ್ತಾಗಲಿಲ್ಲ.

ನಾನು ಗದಗಿನವನು, ಯಲಹಂಕದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಭಾನುವಾರ ಎಂದರೆ ಎಂಟಕ್ಕೆ ಮೊದಲು ಕಣ್ಣು ಬಿಡಬಾರದು ಎಂಬ ಮತಕ್ಕೆ ಸೇರಿದವನು. ಒಂದು ದಿನ ಹಾಲಿನ ಪ್ಯಾಕೆಟ್ಟಿಗೆಂದು ಇಳಿದು ಬಂದು ಲಿಫ್ಟಿನ ಬಾಗಿಲಲ್ಲಿ ಸಿಕ್ಕಿಬಿದ್ದೆ.

"ಏನ್ರೀ ಗದಗದೋರೇ, ಎದ್ದಿದ್ದೀರಲ್ಲ! ಬನ್ನಿ ಕೆರೆಗೆ."

"ಇವತ್ತೊಂದಿನ ಬಿಡ್ರೀ ಆಂಟಿ, ಸೊಂಟ ಹಿಡದೈತಿ."

"ಬಗ್ಗಿ ಕಳೆ ಕಿತ್ತರೆ ಬಿಡುತ್ತೆ, ಬನ್ನಿ."

ಹಾಲು ವಾಚ್‌ಮನ್ ಕೈಯಲ್ಲಿ ಮೇಲೆ ಹೋಯಿತು. ನಾನು ಚಪ್ಪಲಿಯಲ್ಲೇ ಕೆರೆಗೆ ಹೋದೆ.

ನಮ್ಮ ಕೆರೆ ಜಕ್ಕೂರಿನಿಂದ ದೂರವೇನಲ್ಲ, ಅದರಷ್ಟು ದೊಡ್ಡದೂ ಅಲ್ಲ. ಒಂದು ಬದಿಗೆ ಹಳೇ ಊರು, ಮೂರು ಬದಿಗೆ ನಮ್ಮಂಥ ಅಪಾರ್ಟ್‌ಮೆಂಟುಗಳು. ಹಿಂದೊಮ್ಮೆ ನೀರೇ ಕಾಣದಷ್ಟು ಅಂತರಗಂಗೆ ಹಬ್ಬಿತ್ತಂತೆ. ನೇರಳೆ ಹೂವು ಬಿಟ್ಟಾಗ ಜನ ಫೋಟೋ ತೆಗೆದುಕೊಳ್ಳುತ್ತಿದ್ದರು, ಅಡಿಯಲ್ಲಿ ಉಸಿರು ಸಿಗದೆ ಮೀನು ಸಾಯುತ್ತಿದ್ದವು. ಊರಿನವರು, ಅಪಾರ್ಟ್‌ಮೆಂಟಿನವರು ಸೇರಿ ಅದನ್ನು ತೆಗೆಸಿದ್ದರು. ಆಮೇಲೆ ಪ್ರತಿ ಭಾನುವಾರ ಕಾವಲು. ಒಬ್ಬೊಬ್ಬರಿಗೂ ಕೆರೆ ಏರಿಯ ಒಂದೊಂದು ಭಾಗ, ಅಲ್ಲಿ ಹೊಸ ಕಳೆ ಕಂಡರೆ ಬೇರುಸಮೇತ ಕೀಳಬೇಕು. ಕಳೆ ದಟ್ಟವಾಗಿದ್ದ ಕಡೆ ಅದರ ಅಂಚಿಗೆ ಸರಿಯಾಗಿ ನೀರಿನಲ್ಲಿ ಗಳ ನೆಟ್ಟು, ಗಳಕ್ಕೆ ಹಳೇ ಸೀರೆಯ ಅಂಚಿನ ಪಟ್ಟಿ ಕಟ್ಟುತ್ತಿದ್ದರು. ಮುಂದಿನ ವಾರಕ್ಕೆ ಕಳೆ ಪಟ್ಟಿ ದಾಟಿ ಬಂದಿದ್ದರೆ ಆ ಭಾಗದವರ ಕಥೆ ಮುಗಿಯಿತು. ಈ ಪಟ್ಟಿಯ ಏರ್ಪಾಡು ಆಂಟಿಯದೇ. ಕೆಲಸ ಮುಗಿದ ಮೇಲೆ ಏರಿಯ ಕಲ್ಲಿನ ಮೇಲೆ ಕೂತು ಅವರು ತಂದ ಉಪ್ಪಿಟ್ಟು ತಿನ್ನುವುದು. ತಡವಾಗಿ ಬಂದವರಿಗೆ ಉಪ್ಪಿಟ್ಟು ಸಿಗುತ್ತಿತ್ತು, ಚಟ್ನಿ ಸಿಗುತ್ತಿರಲಿಲ್ಲ.

ನಾನು ಸೇರಿದ ವರ್ಷವೇ ಕೆರೆಗೆ ನೀರು ಬಂದು ಬೀಳುವ ಮೂಲೆಯಲ್ಲಿ ಒಂದು ಹೊಸ ಸೊಪ್ಪು ಕಾಣಿಸಿತು. ಎದುರುಬದುರಾಗಿ ಜೋಡಿ ಎಲೆ, ಗಿಣ್ಣು ಗಿಣ್ಣಾದ ದಂಟು, ಎಳೆ ಹಸಿರು. ಯಾರೋ ಕೀಳಲು ಕೈಹಾಕಿದರು. ಆಂಟಿ ಒಂದು ಕುಡಿ ಚಿವುಟಿ ಬೆಳಕಿಗೆ ಹಿಡಿದು ನೋಡಿ, "ಅಯ್ಯೋ ಕೀಳ್ಬೇಡ್ರೀ! ಹೊನಗೊನೆ ಸೊಪ್ಪು ಇದು. ಪಾಸ್!" ಎಂದರು.

ಹೊನಗೊನೆ ಎಂದ ಮೇಲೆ ಯಾರು ಕೀಳುತ್ತಾರೆ? ಬಾಣಂತಿಗೆ ಕೊಡುವ ಸೊಪ್ಪು, ಕಣ್ಣಿಗೆ ಒಳ್ಳೆಯದು. "ಕೆರೆ ನೀರಿನ ಸೊಪ್ಪು ತಿನ್ನಬಾರ್ದಲ್ರೀ ಆಂಟಿ" ಎಂದು ನಾನು ತಗಾದೆ ತೆಗೆದೆ. "ತಿನ್ನಿ ಅಂತ ಯಾರು ಹೇಳಿದ್ರು? ನೋಡಿದ್ರೂ ಕಣ್ಣಿಗೆ ಒಳ್ಳೇದೇ, ಸುಮ್ನೆ ನೋಡಿ" ಎಂದು ಬಾಯಿ ಮುಚ್ಚಿಸಿದರು. ಎಲ್ಲರೂ ನಕ್ಕೆವು. ಆ ಮೂಲೆಗೆ ಮಾತ್ರ ಗಳವಿಲ್ಲ, ಪಟ್ಟಿಯಿಲ್ಲ. ಊರಿನ ಹೆಂಗಸರು ಬಂದು ಹಸುವಿಗೆ ಒಂದೊಂದು ಹೊರೆ ಕೊಯ್ದುಕೊಂಡು ಹೋಗುತ್ತಿದ್ದರು. ಕೊಯ್ದಷ್ಟೂ ಚಿಗುರುತ್ತಿತ್ತು. ಒಳ್ಳೆಯ ಸೊಪ್ಪು ಚೆನ್ನಾಗಿ ಬರುತ್ತಿದೆ ಎಂದು ನಮಗೆಲ್ಲ ಸಂತೋಷವೇ.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ದಡ ಬಿಟ್ಟು ನೀರಿನ ಮೇಲೆ ಚಾಪೆ ಹಾಸಿದಂತೆ ಹಬ್ಬಿತು. ಮೇಲೆ ನಾಯಿ ಓಡಾಡಿದರೂ ಮುಳುಗದಷ್ಟು ದಪ್ಪ. ಮೀನಿನ ಗುತ್ತಿಗೆ ಹಿಡಿದಿದ್ದ ಹಳೇ ಊರಿನ ಅಣ್ಣ ಒಂದು ಬೆಳಗ್ಗೆ ತೆಪ್ಪವನ್ನು ದಡಕ್ಕೆ ಎಳೆದು ಹಾಕಿ ಆಂಟಿಯ ಮುಂದೆ ಬಂದು ನಿಂತ.

"ಏನಮ್ಮಾ, ಒಳ್ಳೇ ಸೊಪ್ಪು ಅಂತ ಬಿಟ್ರಿ. ಇಂಗಾದ್ರೆ ನಾನು ಬಲೆ ಎಲ್ಲಿ ಬಿಡ್ಲಿ? ಬಲೆಗೆ ಸೊಪ್ಪೇ ಬತ್ತದೆ, ಮೀನು ಬರಾಕಿಲ್ಲ."

ಆಂಟಿ ಬಗ್ಗಿ ಒಂದು ಕುಡಿ ಚಿವುಟಿ, ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು.

ಆ ವಾರ ಅವರು ಯಲಹಂಕದ ಮಾರ್ಕೆಟ್ಟಿಗೆ ಹೋಗಿ ಹೊನಗೊನೆ ಕಟ್ಟು ತಂದರು. ಕೆರೆಯ ಸೊಪ್ಪನ್ನೂ ತಂದು ಎರಡನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಜೋಡಿಸಿಟ್ಟರು. ನನ್ನನ್ನು ಕರೆದರು. "ಗದಗದೋರೇ, ಹೂವು ನೋಡಿ." ಮಾರ್ಕೆಟ್ಟಿನದರಲ್ಲಿ ಬಿಳಿ ಹೂವು ಎಲೆಯ ಬುಡದಲ್ಲಿ ಗಿಣ್ಣಿಗೆ ಅಂಟಿಕೊಂಡಿತ್ತು. ಕೆರೆಯದರಲ್ಲಿ ಅದೇ ಬಿಳಿ ಹೂವು ಉದ್ದನೆಯ ತೊಟ್ಟಿನ ತುದಿಯಲ್ಲಿ ನಿಂತಿತ್ತು. ದಂಟು ಮುರಿದರೆ ಒಳಗೆ ಪೊಳ್ಳು. ನಾನು ಮೊಬೈಲಿನಲ್ಲಿ ಹುಡುಕಿದೆ. ಹೊರದೇಶದಿಂದ ಬಂದ ಕಳೆ, ಅಲಿಗೇಟರ್ ವೀಡ್ ಅಂತೆ. ಒಂದು ಗಿಣ್ಣು ಉಳಿದರೂ ಸಾಕು, ಮತ್ತೆ ಬೆಳೆಯುತ್ತದೆ. ನಾನು ಓದಿ ಹೇಳುತ್ತಿದ್ದಂತೆ ಆಂಟಿ ಸ್ಟೂಲಿನ ಮೇಲೆ ಕೂತುಬಿಟ್ಟರು. "ಸರ್ವೀಸಲ್ಲಿ ಒಂದೇ ಒಂದು ತಪ್ಪು ಪೀಸ್ ಬಿಟ್ಟವಳಲ್ಲ ನಾನು" ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ವಿಷಯ ಇನ್ನೂ ನಮ್ಮಿಬ್ಬರಿಗೇ ಗೊತ್ತಿದ್ದದ್ದು. ಹೂಳಿನಿಂದ ಬಂತು, ಮಳೆಯಿಂದ ಬಂತು ಎಂದು ಏನಾದರೂ ಹೇಳಬಹುದಿತ್ತು. ನಾನೇ ಹಾಗೆಂದು ಸಲಹೆ ಕೊಟ್ಟೆ. "ಸುಮ್ನಿರ್ರೀ" ಎಂದು ಗದರಿದರು. ಭಾನುವಾರ ಎಲ್ಲರೂ ಉಪ್ಪಿಟ್ಟಿಗೆ ಕೂತಾಗ ಮೀನಿನ ಅಣ್ಣನನ್ನೂ ಕರೆಸಿ, ಎರಡು ಕಟ್ಟನ್ನೂ ಎತ್ತಿ ಹಿಡಿದರು.

"ನೋಡಿ, ಇದು ಹೊನಗೊನೆ. ಇದು ಅಲ್ಲ. ಎರಡನೇದನ್ನ ಪಾಸ್ ಮಾಡಿದ್ದು ನಾನು. ನೀವು ಕೀಳೋಕೆ ಹೋದ್ರಿ, ನಾನು ತಡೆದೆ. ತಪ್ಪು ನಂದು. ಈಗ ನಾನೇ ರಿಜೆಕ್ಟ್ ಮಾಡ್ತಿದ್ದೀನಿ. ಆ ಮೂಲೆ ಇವತ್ತಿಂದ ನನ್ನ ಭಾಗ."

ಮೀನಿನ ಅಣ್ಣನೇ, "ಓಗ್ಲಿ ಬಿಡಮ್ಮ, ತೆಪ್ಪ ನಾನು ತತ್ತೀನಿ" ಎಂದ.

ನಾವು ಬುದ್ಧಿವಂತರು ಅಂದೇ ನುಗ್ಗಿದೆವು. ಕುಂಟೆ ಹಾಕಿ ಎಳೆದೆವು, ಮಚ್ಚಿನಲ್ಲಿ ಕತ್ತರಿಸಿದೆವು, ಏರಿಯ ಮೇಲೆ ಗುಡ್ಡೆ ಹಾಕಿದೆವು. ತುಂಡಾದ ದಂಟುಗಳು ತೇಲಿಕೊಂಡು ಹೋಗಿ ಆಚೆ ದಡದಲ್ಲಿ ಬೇರು ಬಿಟ್ಟವು. ಗುಡ್ಡೆಯ ಮೇಲೆ ಮಳೆ ಬಿದ್ದು ಅರ್ಧ ಸೊಪ್ಪು ಮತ್ತೆ ನೀರಿಗೇ ಇಳಿಯಿತು. ಆಮೇಲೆ ಆಂಟಿ ಕೆಲಸದ ರೀತಿಯನ್ನೇ ಬದಲಿಸಿದರು. ಮಚ್ಚು ಬಂದ್. ಚಾಪೆಯ ಸುತ್ತ ಹಳೇ ಬಲೆ ಕಟ್ಟಬೇಕು, ತುಂಡು ಹೊರಗೆ ತೇಲಬಾರದು. ಕೈಯಿಂದ ಬೇರು ಹುಡುಕಿ ಮೆಲ್ಲಗೆ ಎತ್ತಬೇಕು. ಎತ್ತಿದ್ದನ್ನು ಚೀಲಕ್ಕೆ ತುಂಬಿ, ನೀರಿನಿಂದ ದೂರದ ಬಂಡೆಯ ಮೇಲೆ ಹರವಿ ಗರಿಗರಿಯಾಗಿ ಒಣಗಿಸಬೇಕು. ಹೋಗುವ ಮುನ್ನ ಎಲ್ಲರೂ ಬೂಟಿನ ಅಡಿ ತೋರಿಸಬೇಕು, ಕೆಸರಿನಲ್ಲಿ ಒಂದು ಗಿಣ್ಣು ಅಂಟಿದ್ದರೂ ವಾಪಸ್. ಕಾಲೆತ್ತಿ ನಿಂತ ನಮ್ಮನ್ನು ನೋಡಿ ವಾಕಿಂಗಿನವರು ನಗುತ್ತಿದ್ದರು. ಆಂಟಿ ಅವರಿಗೂ ಬೈಯುತ್ತಿದ್ದರು. ಒಂದು ವಾರ ಎಷ್ಟು ದೂರ ಚೊಕ್ಕವಾಯಿತೋ ಅಲ್ಲಿಗೆ ಗಳ ನೆಟ್ಟು ಹೊಸ ಪಟ್ಟಿ ಕಟ್ಟುವುದು, ಅಷ್ಟೇ. ಎಷ್ಟೋ ವಾರ ಪಟ್ಟಿ ಇದ್ದಲ್ಲೇ ಇರುತ್ತಿತ್ತು. ಒಂದೊಂದು ಸಲ ನಾವೇ ಹಿಂದೆ ಸರಿದು ನೆಡಬೇಕಾಗುತ್ತಿತ್ತು. ಬೇಜಾರಾಗಿ ಹಲವರು ಬಿಟ್ಟುಹೋದರು.

ಅದೇ ಹೊತ್ತಿಗೆ ಅವರು ತಮ್ಮ ಬಾಲ್ಕನಿಯಲ್ಲಿ ಎರಡು ಕುಂಡ ಇಟ್ಟರು. ಒಂದರಲ್ಲಿ ಹೊನಗೊನೆ, ಇನ್ನೊಂದರಲ್ಲಿ ಅದರಂಥದ್ದು. ಎರಡನೆಯದರ ಅಡಿಗೆ ಟ್ರೇ, ಸುತ್ತ ಸೊಳ್ಳೆಪರದೆ. ಹೊಸಬರು ಸೇರಿದರೆ ಮೊದಲು ಕುಂಡದ ಮುಂದೆ ನಿಲ್ಲಿಸಿ ಪರೀಕ್ಷೆ. ಹೆಸರಿನ ಚೀಟಿ ಅಂಟಿಸೋಣ ಎಂದಿದ್ದಕ್ಕೆ, "ಬೇಡ. ಹೆಸರು ಬರೆದ್ರೆ ಹೆಸರು ಓದ್ತಾರೆ, ಗಿಡ ನೋಡಲ್ಲ" ಎಂದರು.

ಕಳೆದ ವರ್ಷ ಅವರಿಗೆ ಉಸಿರಾಟದ ತೊಂದರೆ ಹೆಚ್ಚಾಯಿತು. ಕೆರೆಗೆ ಬರುವುದು ನಿಂತಿತು. ಭಾನುವಾರ ನಾನು ಏರಿ ತಲುಪುವ ಹೊತ್ತಿಗೆ ಸರಿಯಾಗಿ ಫೋನು. "ಮೂಲೆ ನೋಡಿದ್ರಾ? ಪಟ್ಟಿ ಎಲ್ಲಿದೆ?" ಮುಂದೆ ಹೋಗಿದೆ ಎಂದು ಒಮ್ಮೆ ಸುಳ್ಳು ಹೇಳಿದೆ, ಅವರಿಗೆ ಸಮಾಧಾನವಾಗಲಿ ಎಂದು. "ಬಾಲ್ಕನಿಯಿಂದ ಕಾಣ್ತಿದೆ ಕಣ್ರೀ ನಂಗೆ" ಎಂದು ಫೋನ್ ಇಟ್ಟರು. ಮೂಲೆ ಪೂರ್ತಿ ಚೊಕ್ಕವಾಗುವ ಮೊದಲೇ, ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ಯಾರೂ ಉಪ್ಪಿಟ್ಟು ತರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲಿನ ಭಾನುವಾರ. ನಾವು ಚೀಲ ಬಿಚ್ಚುತ್ತಿದ್ದಾಗ ಆರ್.ಟಿ. ನಗರದಲ್ಲಿರುವ ಅವರ ಮಗಳು ಏರಿಯ ಮೇಲೆ ನಡೆದು ಬಂದರು. ಎರಡು ಕಂಕುಳಲ್ಲೂ ಒಂದೊಂದು ಕುಂಡ. ಸೊಳ್ಳೆಪರದೆ, ಟ್ರೇ ಎರಡೂ ಇರಲಿಲ್ಲ.

"ಅಮ್ಮ ದಿನಾ ಇವಕ್ಕೆ ನೀರು ಹಾಕೋರು. ಅವರ ನೆನಪಿಗೆ ಇಲ್ಲೇ ದಡದಲ್ಲಿ ನೆಟ್ಬಿಡೋಣ ಅಂತ" ಎನ್ನುತ್ತಾ ನೀರಿನ ಕಡೆಗೆ ಬಗ್ಗಿದರು.

"ಏ, ನಿಲ್ರೀ! ರಿಜೆಕ್ಟ್ ಅದು, ರಿಜೆಕ್ಟ್!"

ಕೂಗಿದ್ದು ನಾನೇ. ದನಿ ಮಾತ್ರ ಆಂಟಿಯದು. ಓಡಿಹೋಗಿ ಕುಂಡ ಕಿತ್ತುಕೊಂಡೆ. ಆ ಹೆಣ್ಣುಮಗಳು ಬೆಚ್ಚಿ ನಿಂತರು. ಕಲ್ಲಿನ ಮೇಲೆ ಕೂರಿಸಿ, ಕ್ಷಮೆ ಕೇಳಿ, ಹೊನಗೊನೆಯ ಕಥೆಯನ್ನೆಲ್ಲ ಹೇಳಿದೆ. ಮನೆಯಲ್ಲಿ ಆಂಟಿ ಒಂದಕ್ಷರ ಹೇಳಿರಲಿಲ್ಲವಂತೆ.

"ನಮ್ಮಮ್ಮ ತಪ್ಪು ಒಪ್ಕೊಂಡ್ರಾ? ಎಲ್ಲರ ಮುಂದೆ?" ಎಂದು ಮತ್ತೆ ಮತ್ತೆ ಕೇಳಿದರು. "ಮನೇಲಿ ಒಂದು ದಿನಕ್ಕೂ ಒಪ್ಕೊಂಡೋರಲ್ಲ ರೀ. ಸಾರಿಗೆ ಉಪ್ಪು ಜಾಸ್ತಿ ಆದ್ರೂ ನಮ್ಮ ನಾಲಿಗೆ ಸರಿಯಿಲ್ಲ ಅನ್ನೋರು." ನಗುತ್ತಿದ್ದವರು ಹಾಗೇ ಮುಖ ಮುಚ್ಚಿಕೊಂಡು ಅತ್ತರು. ಮೀನಿನ ಅಣ್ಣ ತೆಪ್ಪದಲ್ಲೇ ತಲೆ ತಗ್ಗಿಸಿ ಕೂತಿದ್ದ.

ಕುಂಡಗಳು ಈಗ ನಮ್ಮ ಬಾಲ್ಕನಿಯಲ್ಲಿವೆ. ಟ್ರೇ, ಸೊಳ್ಳೆಪರದೆ ಮತ್ತೆ ಬಂದಿವೆ. ಮೂಲೆಯ ಚಾಪೆ ಇನ್ನೂ ಇದೆ, ಒಂದು ಕೋಣೆಯಷ್ಟಕ್ಕೆ ಇಳಿದಿದೆ. ಅದು ಈಗ ನನ್ನ ಭಾಗ. ಹೊಸಬರು ಯಾರಾದರೂ ಸೇರಿದರೆ ಮೊದಲು ಮನೆಗೆ ಕರೆತಂದು ಕುಂಡದ ಮುಂದೆ ನಿಲ್ಲಿಸುತ್ತೇನೆ. ಇದರಲ್ಲಿ ಹೊನಗೊನೆ ಯಾವುದು, ತೋರಿಸಿ ಎನ್ನುತ್ತೇನೆ. ಹೆಚ್ಚಿನವರು ಬೇಗ ಬೇಗ ತಪ್ಪಾದದ್ದನ್ನೇ ತೋರಿಸಿ, ಆಮೇಲೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

"ಇರಲಿ ಬಿಡ್ರೀ," ಎನ್ನುತ್ತೇನೆ. "ನಮ್ಮ ಆಂಟೀನೂ ಅದನ್ನೇ ತೋರಿಸಿದ್ರು."