ಗೆರೆಯ ಕೊನೆಗೆ ಹೆಸರು

ಕೆಂಪು, ಹಸಿರು ಎರಡನ್ನೂ ದೇವರು ಸಂಗಮೇಶನ ಕಣ್ಣಿಗೆ ಒಂದೇ ಮಾಡಿ ಕಳಿಸಿದ್ದ. ಹೋಗಲಿ, ಅದೇನು ಸಾಯುವ ಕಾಯಿಲೆಯಲ್ಲ. ನೀಲಿ ಕಾಣುತ್ತದೆ, ಹಳದಿ ಕಾಣುತ್ತದೆ, ತಟ್ಟೆಯಲ್ಲಿನ ಅನ್ನ ಕಾಣುತ್ತದೆ, ಹೆಂಡತಿ ನೀಲಾಂಬಿಕ ಮುಖ ಊದಿಸಿಕೊಂಡರೆ ಅದಂತೂ ದೂರದಿಂದಲೇ ಕಾಣುತ್ತದೆ. ಆದರೂ ಈ ಪುಣ್ಯಾತ್ಮ ಅದನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟುಕೊಂಡೇ ಬದುಕಿದ. ಕಾರಣವಿತ್ತು ಅನ್ನಿ. ಮೀಸೆ ಚಿಗುರುವ ವಯಸ್ಸಿನಲ್ಲಿ ರೈಲ್ವೆ ಕೆಲಸದ ಪರೀಕ್ಷೆ ಪಾಸು ಮಾಡಿದ್ದ. ಕಡೆಗೆ ಕಣ್ಣಿನ ತಪಾಸಣೆಯಲ್ಲಿ ಬಣ್ಣದ ಚುಕ್ಕಿಗಳ ಹಾಳೆ ತೋರಿಸಿ, ಇದರೊಳಗೆ ಯಾವ ಅಂಕಿ ಇದೆ ಎಂದು ಕೇಳಿದರು. ಇವನಿಗೆ ಬರೀ ಚುಕ್ಕಿ ಕಂಡವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಶಿಕಾರಿಪುರಕ್ಕೆ ವಾಪಸಾದವನು, ಕಿರಾಣಿ ಅಂಗಡಿಯ ಗಲ್ಲಾದ ಹಿಂದೆ ಕೂತಿದ್ದ ಅಪ್ಪನಿಗೆ, ಪರೀಕ್ಷೆಯಲ್ಲೇ ಫೇಲಾದೆ ಎಂದು ಹೇಳಿಬಿಟ್ಟ. ದಡ್ಡ ಅನ್ನಿಸಿಕೊಳ್ಳಬಹುದು, ಕಣ್ಣು ಸರಿಯಿಲ್ಲದವ ಅನ್ನಿಸಿಕೊಂಡರೆ ಮುಂದೆ ಯಾರೂ ಕೆಲಸ ಕೊಡುವುದಿಲ್ಲ ಎಂಬುದು ಅವನ ಲೆಕ್ಕ.

ಅಂಥವನಿಗೆ ಸಿಕ್ಕ ಕೆಲಸವಾದರೂ ಎಂಥದು ನೋಡಿ. ಅಂಜನಾಪುರ ಜಲಾಶಯದ ಕಾಲುವೆ ಹಾಯುವ ಊರುಗಳ ರೈತರು ಕಟ್ಟಿಕೊಂಡ ನೀರು ಬಳಕೆದಾರರ ಒಕ್ಕೂಟದಲ್ಲಿ ಬಣ್ಣದ ಗ್ರಾಫ್ ತೆಗೆಯುವುದು. ಮೇಲಿನ ತೂಬು, ನಡುವಿನ ತೂಬು, ಕೊನೆಯ ತೂಬು, ಈ ಮೂರರಿಂದ ವಾರವಾರವೂ ಎಷ್ಟು ನೀರು ಹರಿಯಿತು ಎಂಬುದಕ್ಕೆ ಮೂರು ಗೆರೆ. ಬೇಸಿಗೆ ಬೆಳೆ ಕೈಗೆ ಬರುವ ಹೊತ್ತಿಗೆ, ಕಾಲುವೆ ಬಂದ್ ಮಾಡುವ ಮುಂಚೆ ಒಂದು ಸಭೆ. ಆ ಹೊತ್ತಿಗೆ ಯಾವ ತೂಬಿನ ಗೆರೆ ಎಲ್ಲಕ್ಕಿಂತ ಕೆಳಗಿದೆಯೋ ಅದಕ್ಕೆ ಕಡೆಯ ಸರದಿಯ ನೀರು. ವರ್ಷಗಟ್ಟಲೆ ಹೊಡೆದಾಡಿ, ಕೊನೆಗೆ ಎಲ್ಲರೂ ಸೇರಿ ಒಪ್ಪಿಕೊಂಡ ಕಟ್ಟಳೆ ಅದು. ಆ ನೀರು ಸಿಕ್ಕರೆ ಕಾಳು ಕಟ್ಟುತ್ತದೆ, ಇಲ್ಲದಿದ್ದರೆ ಜೊಳ್ಳು.

ಆಫೀಸಿನ ಹಳೆಯ ಕಂಪ್ಯೂಟರಿಗೆ ದೊಡ್ಡ ಸಾಫ್ಟ್‌ವೇರ್ ಆಗಿಬರುತ್ತಿರಲಿಲ್ಲ. ಅದರಲ್ಲಿ ಓಡುತ್ತಿದ್ದದ್ದು ಗ್ನುಪ್ಲಾಟ್. ಮೌಸ್ ಹಿಡಿದು ಒತ್ತುವಂಥದ್ದಲ್ಲ, ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಆಜ್ಞೆ ಟೈಪ್ ಮಾಡಬೇಕು. ಬೇರೆಯವರು ಮೂಗು ಮುರಿದರು, ಸಂಗಮೇಶನಿಗೆ ಮಾತ್ರ ಅದು ಒಲಿಯಿತು. ಬಣ್ಣ ಕೇಳದೆ ಮಾತು ಕೇಳುವ ಯಂತ್ರ ಸಿಕ್ಕಿತಲ್ಲ. ಯಾವ ಗೆರೆ ಯಾರದು ಎಂದು ಹೇಳಲು ಗ್ರಾಫಿನ ಮೂಲೆಯಲ್ಲೊಂದು ಪಟ್ಟಿ ಇರುತ್ತದೆ, ಕಲಿತವರು ಲೆಜೆಂಡ್ ಅನ್ನುತ್ತಾರೆ, ಈ ಸಾಫ್ಟ್‌ವೇರ್ ಅದನ್ನು 'ಕೀ' ಅನ್ನುತ್ತದೆ. 'ಸೆಟ್ ಕೀ' ಎಂದು ಬರೆದು ಎಲ್ಲಿ ಕೂರು ಅಂದರೆ ಅಲ್ಲಿ ಕೂರುತ್ತದೆ. ಗೆರೆಗಳನ್ನು ಯಾವ ಕ್ರಮದಲ್ಲಿ ಕೇಳುತ್ತೇವೋ ಹೆಸರುಗಳೂ ಅದೇ ಕ್ರಮದಲ್ಲಿ ಬರುತ್ತವೆ. ಇಷ್ಟು ತಿಳಿದದ್ದೇ ಸಂಗಮೇಶ ದಾರಿ ಕಂಡುಕೊಂಡ. ಮೇಲಿನ ತೂಬಿಗೆ ಯಾವತ್ತೂ ನೀರು ಹೆಚ್ಚು, ಅದರ ಕೆಂಪು ಗೆರೆಯನ್ನು ಮೊದಲು ಕೇಳು. ನಡುವಿನದು ನೀಲಿ, ಅದು ಕಣ್ಣಿಗೆ ಕಾಣುತ್ತದೆ. ಕೊನೆಯ ತೂಬಿನದು ಹಸಿರು, ಅದು ಕಡೆಗೆ. ಪಟ್ಟಿಯಲ್ಲಿ ಮೇಲೆ ಇರುವ ಹೆಸರು ಮೇಲಿನ ಗೆರೆಯದು, ಕೆಳಗಿರುವುದು ಕೆಳಗಿನದು. ಬಣ್ಣದ ಹಂಗೇ ಇಲ್ಲ. ಬೆಳಿಗ್ಗೆ ಕಂಪ್ಯೂಟರ್ ಹಚ್ಚುವಾಗ ಅವನು ಆ ಕಪ್ಪು ಪರದೆಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದ, ನನ್ನ ಅನ್ನ ನಿನ್ನಿಂದ ಎಂದು.

ಈ ವರ್ಷ ಒಕ್ಕೂಟಕ್ಕೆ ಸಂಘಮಿತ್ರಾ ಬಂದಳು. ಸೊರಬ ತಾಲ್ಲೂಕಿನವಳು, ದಿನಾ ಆನವಟ್ಟಿಯಿಂದ ಬಸ್ಸು ಹಿಡಿದು ಬರುತ್ತಾಳೆ. ತೂಬಿನ ಕಡೆಯಿಂದ ಫೋನಿನಲ್ಲಿ ಬರುವ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ ಅವಳಿಗೆ ಹೋಯಿತು. ಸಂಗಮೇಶ ಗ್ರಾಫ್ ಮಾತ್ರ ತೆಗೆಯುತ್ತಿದ್ದ. ಎಡವಟ್ಟಾದದ್ದು ಇಲ್ಲೇ. ಬೇಸಿಗೆಯ ನಡುವೆ ಮೇಲಿನ ತೂಬಿನ ಬಾಗಿಲು ಸಿಕ್ಕಿಹಾಕಿಕೊಂಡು ಅಲ್ಲಿ ಹರಿಯುವ ನೀರು ಕಡಿಮೆಯಾಯಿತು, ಅಲ್ಲಿನವರಿಗೆ ಸಿಗದ ನೀರು ಸೀದಾ ಕೊನೆಯ ತೂಬಿಗೆ ಹೋಯಿತು. ಕೆಂಪು ಗೆರೆ ಕೆಳಗಿಳಿದು, ಹಸಿರು ಗೆರೆ ಮೇಲೇರಿ, ಒಂದನ್ನೊಂದು ದಾಟಿದವು. ಎಲ್ಲರ ಕಣ್ಣಿಗೆ ಅದು ದಾಟಿದ್ದೇ. ಆದರೆ ಎರಡೂ ಒಂದೇ ಬಣ್ಣವಾಗಿ ಕಾಣುವವನಿಗೆ? ಎರಡು ಗೆರೆ ಹತ್ತಿರ ಬಂದವು, ಮುಟ್ಟಿದವು, ಮತ್ತೆ ತಂತಮ್ಮ ದಾರಿ ಹಿಡಿದು ದೂರವಾದವು, ಅಷ್ಟೇ. ಮೇಲಿದ್ದದ್ದು ಮೇಲೇ ಇದೆ ಎಂದುಕೊಂಡ.

ಸಭೆಯ ದಿನ ಗೋಡೆಯ ಮೇಲೆ ಗ್ರಾಫ್ ಬಿತ್ತು. ಮೂಲೆಯ ಪಟ್ಟಿಯ ಸಣ್ಣ ಅಕ್ಷರ ಹಿಂದಿನವರಿಗೆ ಹೇಗೂ ಕಾಣದು, ಮುಂದಿನವರು ಓದುವ ಗೋಜಿಗೆ ಹೋಗುವುದಿಲ್ಲ. ಅವರೆಲ್ಲ ನಂಬುವುದು ಸಂಗಮೇಶನ ಕೈಯಲ್ಲಿನ ಕೋಲನ್ನು. ಅವನು ಕೋಲನ್ನು ಅಡಿಯ ಗೆರೆಯ ಮೇಲಿಟ್ಟು, "ಇದು ಕೊನೆ ತೂಬು, ಈ ಸಲಾನೂ ಇವರಿಗೇ ಕಡಿಮಿ" ಎಂದ.

ಮೇಲಿನ ತೂಬಿನ ಮಾಳೇಶ ಎದ್ದು ನಿಂತ. "ನಮಗ ನೀರೇ ಬಂದಿಲ್ರಿ. ಗದ್ದಿ ಬಾಯಿ ಬಿಟ್ಟೈತಿ."

"ನೀವು ಯಾವ ವರ್ಷ ಬಂದೈತಿ ಅಂದೀರಿ?" ಎಂದು ಯಾರೋ ಕಾಲೆಳೆದರು. ಸಭೆ ನಕ್ಕಿತು. ಪ್ರತಿವರ್ಷ ಅಳುವ ಮಗುವಿನ ಹೊಟ್ಟೆನೋವು ಯಾರಿಗೆ ಗೊತ್ತಾಗುತ್ತದೆ? ಅಧ್ಯಕ್ಷರಾದ ಗಂಗಾಧರಪ್ಪನವರು, ಚಹಾ ಕುಡಿದು ಬಂದು ಠರಾವು ಬರೆಯೋಣ ಎಂದರು. ಮಾಳೇಶ ಕೂರಲಿಲ್ಲ, ಗೋಡೆ ನೋಡುತ್ತಾ ನಿಂತೇ ಇದ್ದ.

ಚಹಾದ ಹೊತ್ತಿನಲ್ಲಿ ಸಂಘಮಿತ್ರಾ ಸಂಗಮೇಶನನ್ನು ಬಾಗಿಲ ಮರೆಗೆ ಕರೆದಳು.

"ಸಾರ್, ನೀವು ಕೊನೆ ತೂಬು ಅಂತ ತೋರ್ಸಿದ್ದು ಮೇಲಿನ ತೂಬು."

"ಇಲ್ಲ ಬಿಡ್ರಿ, ಪಟ್ಟಿ ಒಳಗ ಕಡೀ ಹೆಸರು..." ಅಂದವನು ಅಲ್ಲಿಗೇ ನಿಂತ.

"ಗೆರೆ ದಾಟ್ಯಾವೆ ಸಾರ್. ಅಂಕಿ ತುಂಬ್ದೋಳು ನಾನೇ." ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ನಮ್ಮ ಸೋದರಮಾವಂಗೂ ಹೀಂಗೇ ಇತ್ತು. ನೀವು ಬಣ್ಣ ನೋಡಲ್ಲ, ಸಾಲು ನೋಡ್ತೀರಿ ಅಂತ ನಂಗೆ ಮೊದ್ಲೇ ಅನ್ನಿಸ್ತಿತ್ತು. ಈಗ ಒಂದು ಮಾಡಾಣ. ಪಟ್ಟಿ ನಾನೇ ತಪ್ಪು ಹಾಕ್ದೆ ಅಂತ ಹೇಳ್ತೀನಿ. ಹೊಸಬಳು, ಬೈದು ಬಿಡ್ತಾರೆ."

ಇಷ್ಟು ವರ್ಷ ಯಾರಿಗೂ ಕಾಣಬಾರದೆಂದು ಹೆಣಗಿದ್ದು ಇವಳಿಗೆ ಕಂಡಿತ್ತು. ಕಂಡೂ ಒಬ್ಬರ ಮುಂದೆ ಆಡಿರಲಿಲ್ಲ, ಈಗ ಅದನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳಲು ಹೊರಟಿದ್ದಾಳೆ. ಒಪ್ಪಿಕೊಂಡರೆ ಅವನ ಕೆಲಸ ಉಳಿಯುತ್ತದೆ. ನಿಜ ಹೇಳಿದರೆ ರೈಲ್ವೆಯವರ ಹಾಗೆ ಇವರೂ ನಡಿ ಅನ್ನಬಹುದು, ಬಣ್ಣ ಗೊತ್ತಿಲ್ಲದವನ ಕೈಗೆ ಬಣ್ಣದ ಗ್ರಾಫ್ ಯಾರು ಕೊಡುತ್ತಾರೆ? ಹಾಗೆಂದು, ನಿನ್ನೆ ಮೊನ್ನೆ ಬಂದ ಹೆಣ್ಣುಮಗಳು ತನಗಾಗಿ ಬೈಸಿಕೊಳ್ಳುವುದನ್ನು ನೋಡುತ್ತಾ ಕೂರಲು ಮನಸ್ಸು ಬರಲಿಲ್ಲ.

"ಬ್ಯಾಡ್ರಿ. ನೀವು ಅಂದದ್ದೇ ನನಗೆ ಸಾಕು," ಎಂದ.

ಎಲ್ಲರೂ ಕೂತ ಮೇಲೆ ಸಂಗಮೇಶ ಎದ್ದ. ಕೋಲನ್ನು ಗೋಡೆಗೆ ಒರಗಿಸಿದ.

"ನಾ ತಪ್ಪು ತೋರಿಸಿದೆ. ಅಡಿಗಿರೋದು ಮೇಲಿನ ತೂಬಿನ ಗೆರಿ. ನನ್ನ ಕಣ್ಣಿಗೆ ಕೆಂಪು ಹಸಿರು ಎರಡೂ ಒಂದೇ ಕಾಣ್ತಾವು. ಹುಟ್ಟಿನಿಂದ. ಯಾರಿಗೂ ಹೇಳಿರಲಿಲ್ಲ. ಮಾಳೇಶಣ್ಣ ಅಂದದ್ದು ಖರೆ."

ಗಂಗಾಧರಪ್ಪನವರು ಕನ್ನಡಕ ತೆಗೆದು ಒರೆಸಿದರು.

"ಕಣ್ಣಿಗೆ ಕಾಣದ್ದನ್ನ ಕೇಳಿ ತಿಳ್ಕೋಬೇಕಪ್ಪ. ಅದಕ್ಕ ನಾವಿಷ್ಟು ಮಂದಿ ಇದ್ದೀವಲ್ಲ. ಮುಂದಿನ ಸಲ ಆ ಮೂಲಿ ಪಟ್ಟಿ ಬ್ಯಾಡ. ಯಾರ ಗೆರಿ ಐತಿ, ಅದರ ಮ್ಯಾಲೇ ಅವರ ಹೆಸರು ಬರಿ. ನನಗೂ ಆ ಸಣ್ಣ ಅಕ್ಷರ ಕಾಣೂದಿಲ್ಲ."

ಕೆಲಸ ಹೋಗುವ ಮಾತೇ ಬರಲಿಲ್ಲ. ಸಂಘಮಿತ್ರಾ ಆಗಲೇ ಕೀಲಿಮಣೆಯ ಮುಂದೆ ಕೂತಿದ್ದಳು. ಪ್ರತಿ ಗೆರೆಯ ಹೆಸರಿನ ಮುಂದೆ 'ಆಟ್ ಎಂಡ್', ಅಂದರೆ ಕೊನೆಗೆ ಕೂರು, ಎಂದು ಸೇರಿಸಿದಳು. ಮೂಲೆಯ ಪಟ್ಟಿ ಖಾಲಿಯಾಗಿ, ಒಂದೊಂದು ಗೆರೆಯ ತುದಿಗೂ ಅದರದರ ಹೆಸರು ದೊಡ್ಡದಾಗಿ ಬಂದು ಕೂತಿತು. ಸಂಗಮೇಶ ಜನ್ಮದಲ್ಲಿ ಮೊದಲ ಸಲ ಒಂದು ಗ್ರಾಫನ್ನು ಹೆದರಿಕೆಯಿಲ್ಲದೆ ಓದಿದ. ಕಡೆಯ ಸರದಿ ಮೇಲಿನ ತೂಬಿಗೆ ಎಂದು ಠರಾವಾಯಿತು. ಮಾಳೇಶ ಬಂದು ಅವನ ಕೈ ಹಿಡಿದುಕೊಂಡ.

ಜನ ಚದುರುತ್ತಿದ್ದಾಗ ಹುಲಿಯಮ್ಮ ಎದುರಿಗೆ ಬಂದಳು. ಕೊನೆಯ ತೂಬಿನ ರೈತ ಹೆಂಗಸು, ಬಾಯಿ ಜೋರು. ಬಂದಿದ್ದ ಸರದಿ ಇವನ ಒಂದು ಮಾತಿನಿಂದ ಕೈತಪ್ಪಿತಲ್ಲ, ಈಗ ಮಂಗಳಾರತಿ ಖಂಡಿತ ಎಂದು ಸಂಗಮೇಶ ತಲೆ ಬಗ್ಗಿಸಿ ನಿಂತ.

"ಅಲ್ಲಪ್ಪಾ, ಗಂಡಸರಿಗೆ ಹಂಗೆ ಇರ್ತೈತಾ? ಕೆಂಪು ಯಾವ್ದು ಹಸಿರು ಯಾವ್ದು ಗೊತ್ತಾಗ್ದಂಗೆ?"

"ಇರ್ತೈತಿ ಅಮ್ಮ. ಬಾಳ ಮಂದಿಗೆ ಇರ್ತೈತಿ."

ಹುಲಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಲಗ್ನ ಆದ್ ವರ್ಷ ನಮ್ಮ ಮನೆಯೋರ್ಗೆ ಕೆಂಪು ಸೀರೆ ತನ್ನಿ ಅಂದಿದ್ದೆ. ಆನವಟ್ಟಿ ಸಂತೆಯಿಂದ ಹಸಿರು ತಂದ್ರು. ಕೆಂಪೇ ತಂದೀನಿ ಅಂತ ವಾದ ಬೇರೆ. ನನ್ನ ಮಾತು ಇವ್ರಿಗೆ ಕಾಲಕಸ ಅಂತ ತಿಳ್ಕಂಡೆ. ಉಡ್ಲೇ ಇಲ್ಲ ಅದ್ನ. ಇವತ್ತಿನ ತನ್ಕ ಚುಚ್ಚಿ ಚುಚ್ಚಿ ಆಡೀನಿ."

ಅವಳು ಸೊಂಟದ ಚೀಲದಿಂದ ಮೊಬೈಲ್ ತೆಗೆದು ಒಂದು ಗುಂಡಿ ಒತ್ತಿ ಸಂಗಮೇಶನ ಕೈಗೆ ಕೊಟ್ಟಳು.

"ನೀನೇ ಹೇಳಪ್ಪ ಅವ್ರಿಗೆ. ಮೊದ್ಲು ನಿಂದು ಹೇಳು. ಆಮೇಲೆ ಕೇಳು, ನಿಮ್ಗೂ ಹಂಗೇನಾ ಅಂತ. ನಾ ಕೇಳಿದ್ರೆ ಜಗಳಕ್ಕೆ ಬಂದ್ಲು ಅನ್ಕಂತಾರೆ."

ಅತ್ತಕಡೆ ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಒಬ್ಬ ಮುದುಕನ ದನಿ, "ಹುಲೀ, ನೀರು ಸಿಕ್ತೇನೇ?" ಎಂದಿತು. ಸಂಗಮೇಶ ತನ್ನ ಹೆಸರು ಹೇಳಿಕೊಂಡು, ತನ್ನ ಕಣ್ಣಿನ ಸಂಗತಿ ಹೇಳಲು ಶುರುಮಾಡಿದ.