ಭಾನುವಾರ ತೆರೆದ ಅಂಗಡಿ

ಟೋಂಗಾ ದೇಶದ ಹಾಪೈ ದ್ವೀಪದ ಪಿಸಿಲಾ ಮೂವತ್ತು ವರ್ಷ ಊರ ಹೆಂಗಸರ ಜೊತೆ ಚಪ್ಪರದಡಿ ಕೂತು ಚಾಪೆ ಹೆಣೆದವಳು. ಅವಳ ಬೆರಳಿಗೆ ದೃಷ್ಟಿ ತೆಗೆಯಬೇಕು, ಅಷ್ಟು ನಯ. ಈಚೆಗೆ ಮಂಡಿ ಮಾತ್ರ ಕೈಕೊಟ್ಟಿತು. ನೆಲಕ್ಕೆ ಕೂತರೆ ಏಳಲಾಗದು. ಚಪ್ಪರದ ಅಂಚಿನಲ್ಲಿ ಮುದುಕಿಯರ ಬೆಂಚಿದೆ. ಐವತ್ತಕ್ಕೇ ಅಲ್ಲಿ ಕೂರಲು ನಾಚಿಕೆ. ಏನೋ ನೆಪ ಹೇಳಿ ಮನೆಯಲ್ಲೇ ಉಳಿದಳು.

ಆಗ ಫೋನಿನಲ್ಲಿ ಫಿಲಿಮೋನೆ ಎಂಬವನು ಗಂಟುಬಿದ್ದ. ತಾನೂ ಟೋಂಗಾದವನೇ, ರಾಜಧಾನಿಯಲ್ಲಿ ಕಚೇರಿಯಿದೆ ಎಂದ. ಮನೆಯಲ್ಲೇ ಕುರ್ಚಿ ಮೇಲೆ ಕೂತು ವಿಡಿಯೋಗಳಿಗೆ ಲೈಕ್ ಒತ್ತುವುದೇ ಕೆಲಸ. ಮೊದಲ ವಾರ ಇಪ್ಪತ್ತು ಪಾಂಗ ದುಡ್ಡು ಬಂದೇಬಿಟ್ಟಿತು. ಅದು ಗಾಳಕ್ಕೆ ಸಿಕ್ಕಿಸಿದ ಹುಳ. ಮೀನು ಹಿಡಿಯುವ ಊರಿನವಳಿಗೇ ತಿಳಿಯಲಿಲ್ಲ. ದೊಡ್ಡ ಕೆಲಸಕ್ಕೆ ನಾನೂರು ಪಾಂಗ ಮುಂಗಡ ಕಟ್ಟಬೇಕು, ಯಾರಿಗೂ ಹೇಳಬಾರದು ಎಂದ. ಅವಳು ಅಮ್ಮನ ನವಿರಾದ ಚಾಪೆಯನ್ನು ಪೆಟ್ಟಿಗೆಯಿಂದ ತೆಗೆದಳು. ಮದುವೆಗೂ ಚರ್ಚಿಗೂ ಅಲ್ಲಿ ಸೊಂಟಕ್ಕೆ ಚಾಪೆ ಸುತ್ತಿಕೊಳ್ಳುವ ವಾಡಿಕೆ. ಇದನ್ನು ಸುತ್ತಿಕೊಂಡೇ ಅಮ್ಮ ಮದುವೆಯಾದದ್ದು. ಕೊಳ್ಳುವವರು ಸೋಮವಾರ ಬರುವವರಿದ್ದರು. ಅಂದೇ ದುಡ್ಡು ಕಳಿಸುವೆನೆಂದು ಪಿಸಿಲಾ ಅವನಿಗೆ ತಿಳಿಸಿದಳು.

ಭಾನುವಾರ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯುವಾಗ, ಅವಳನ್ನು ಕರೆದೊಯ್ಯಲು ಬಂದ ಸೋದರತ್ತೆ ಸೆಯಿನಿ ಆ ಚಾಪೆ ಕಂಡಳು. ಸೋದರತ್ತೆ ಕೇಳಿದ ಮೇಲೆ ಮುಚ್ಚಿಡುವುದುಂಟೇ? ಪಿಸಿಲಾ ಎಲ್ಲ ಒಪ್ಪಿಸಿದಳು. ಅಷ್ಟರಲ್ಲಿ ಫೋನಿಗೆ ಸಂದೇಶ ಬಂತು. ಗಟ್ಟಿಯಾಗಿ ಓದಿದಳು: “ಸೋಮವಾರದವರೆಗೆ ಕಾಯಕ್ಕಾಗಲ್ಲ. ಇವತ್ತೇ ಅಂಗಡಿಗೆ ಹೋಗಿ ದುಡ್ಡು ಕಳಿಸಿ. ನಾನೀಗ ಇಲ್ಲಿ ಪೇಟೆಯಲ್ಲೇ ಇದ್ದೀನಿ, ಅಂಗಡಿಗಳೆಲ್ಲ ತೆಗೆದಿವೆ.”

“ಭಾನುವಾರ ಅಂಗಡಿ ತೆಗೆದಿದ್ಯಂತಾ? ಯಾವ ಟೋಂಗಾದಲ್ಲೇ ಇವ್ನು ಇರೋದು?” ಎಂದಳು ಅತ್ತೆ.

ಪಿಸಿಲಾ ಪೆಚ್ಚಾದಳು. ಟೋಂಗಾದಲ್ಲಿ ಭಾನುವಾರ ವ್ಯಾಪಾರಕ್ಕೆ ಕಾನೂನೇ ಅಡ್ಡ. ಹುಟ್ಟಿದಾಗಿನಿಂದ ಭಾನುವಾರ ಬಾಗಿಲು ತೆರೆದ ಪೇಟೆಯನ್ನು ಅವಳು ಕಂಡವಳಲ್ಲ.

“ನಾನೆಂಥ ಪೆದ್ದಿ ಅತ್ತೆ.”

“ಕೆಲ್ಸ ಕೊಡೋನು ನಮ್ಮತ್ರಾನೇ ದುಡ್ಡು ಕೇಳ್ತಾನಾ? ಯಾರಿಗೂ ಹೇಳ್ಬೇಡ ಅಂದಾಗ್ಲೇ ನನ್ಹತ್ರ ಓಡಿ ಬರ್ಬೇಕಿತ್ತು. ಅದಿರ್ಲಿ, ಚಪ್ಪರಕ್ಕೆ ಯಾಕೆ ಬರ್ತಿಲ್ಲ?”

“ಮಂಡಿ ನೋವು. ಕೂರಕ್ಕಾಗಲ್ಲ.”

“ಮುದುಕೀರ ಬೆಂಚು ಅಂತ ನಾಚ್ಕೆನಾ? ನಾನು ಅಲ್ಲಿ ಕೂತಾಗ ನಂಗೆ ನಲವತ್ತೆಂಟು. ಮೂರು ದಿನ ಅತ್ತಿದ್ದೆ.”

ಪಿಸಿಲಾ ಆ ಸಂದೇಶಕ್ಕೆ ಉತ್ತರಿಸಲಿಲ್ಲ. ಅವನ ನಂಬರನ್ನೇ ಬ್ಲಾಕ್ ಮಾಡಿದಳು. ಅತ್ತೆ ಅಮ್ಮನ ಚಾಪೆಯನ್ನು ಎತ್ತಿ ಅವಳ ಸೊಂಟಕ್ಕೆ ಸುತ್ತಿ, ಹಗ್ಗ ಬಿಗಿದಳು.

“ನಾಳೆ ಬಾ. ನನ್ನ ಪಕ್ಕ ಜಾಗ ಇಟ್ಟಿರ್ತೀನಿ,” ಎಂದಳು.

ಇಬ್ಬರೂ ಕುಂಟುತ್ತ ಚರ್ಚಿನ ಕಡೆ ಹೊರಟರು.